ಡಿಜಿಟಲ್ ಪಾಟ್‌ಗೆ ಸಪ್ಲೈ ಎಲ್ಲಿಂದ: 5 ವೋಲ್ಟ್, 3.3 ವೋಲ್ಟ್, ಕಂಟ್ರೋಲರ್ ಪಿನ್, ಇಲ್ಲವೇ ಬೇರೆಯದೇ ಒಂದು ಸಾಲು?

ಮಂಡ್ಯದ ಕಡೆ ಪಂಪ್‌ಸೆಟ್ಟಿಗೆ ಮಾಡಿದ ಕಂಟ್ರೋಲರ್ ಇರಲಿ, ಮೈಸೂರಿನ ಎಂಜಿನಿಯರಿಂಗ್ ಕಾಲೇಜಿನ ಕೊನೆಯ ವರ್ಷದ ಪ್ರಾಜೆಕ್ಟ್ ಇರಲಿ, ನಾಬ್ ಇರುವ ಪಾಟ್ ಕಿತ್ತು ಅದರ ಜಾಗದಲ್ಲಿ ಡಿಜಿಟಲ್ ಪೊಟೆನ್ಶಿಯೋಮೀಟರ್ (ಕೈಯಿಂದಲ್ಲ, ಮೈಕ್ರೋಕಂಟ್ರೋಲರಿನ ಸಂಕೇತದಿಂದ ತಿರುಗುವ ಪಾಟ್ ಚಿಪ್) ಕೂರಿಸುವವರು ಒಂದು ವಿಷಯ ಮರೆಯುತ್ತಾರೆ. ನಾಬ್ ಇರುವ ಪಾಟ್ ಬರೀ ಇಂಗಾಲದ ಪಟ್ಟಿ. ಅದಕ್ಕೆ ಸಪ್ಲೈ ಬೇಡ, 12 ವೋಲ್ಟ್ ಕೊಟ್ಟರೂ ಮೈನಸ್ 12 ಕೊಟ್ಟರೂ ತಡೆದುಕೊಳ್ಳುತ್ತದೆ. ಡಿಜಿಟಲ್ ಪಾಟ್ ಹಾಗಲ್ಲ. ಅದರೊಳಗೆ ಇರುವುದು ರೆಸಿಸ್ಟರುಗಳ ಒಂದು ಏಣಿ ಮತ್ತು ಮೆಟ್ಟಿಲಿಗೊಂದು ಮಾಸ್‌ಫೆಟ್ ಸ್ವಿಚ್ಚು. ಸ್ವಿಚ್ಚು ಕೆಲಸ ಮಾಡಬೇಕಾದರೆ ಹಾದುಹೋಗುವ ಸಿಗ್ನಲ್ ಚಿಪ್ಪಿನ ಸಪ್ಲೈ ಮಿತಿಯೊಳಗೇ ಇರಬೇಕು. ನಾಲೆಯ ನೀರು ಎರಡು ಏರಿಗಳ ನಡುವೆ ಹರಿಯುವ ಹಾಗೆ: ಮೇಲಿನ ಏರಿ ವಿಡಿಡಿ, ಅಂದರೆ ಚಿಪ್‌ನ ಸಪ್ಲೈ ಕಾಲು; ಕೆಳಗಿನ ಏರಿ ವಿಎಸ್‌ಎಸ್, ಸಾಮಾನ್ಯವಾಗಿ ಗ್ರೌಂಡ್. ನೀರು ಏರಿ ದಾಟಿದರೆ ಗದ್ದೆಗೆ ನುಗ್ಗುತ್ತದೆ. ಸಿಗ್ನಲ್ ವಿಡಿಡಿ ದಾಟಿದರೆ ಒಳಗಿನ ರಕ್ಷಣಾ ಡಯೋಡುಗಳ ಮೂಲಕ ಸಪ್ಲೈಗೇ ನುಗ್ಗುತ್ತದೆ.

ಹಾಗಾಗಿ ಸಪ್ಲೈ ಆರಿಸುವಾಗ ಬೋರ್ಡಿನಲ್ಲಿ ಯಾವ ಪಿನ್ ಖಾಲಿ ಇದೆ ಅನ್ನುವುದು ಕೊನೆಯ ಪ್ರಶ್ನೆ. ಮೊದಲನೆಯದು, ಪಾಟ್‌ನ ಎ, ಬಿ (ಏಣಿಯ ಎರಡು ತುದಿ), ವೈಪರ್ (ನಡುವೆ ಸರಿಯುವ ಬಿಂದು) ಈ ಮೂರು ಕಾಲುಗಳಲ್ಲಿ ಅತಿ ಹೆಚ್ಚು ಮತ್ತು ಅತಿ ಕಡಿಮೆ ವೋಲ್ಟೇಜ್ ಎಷ್ಟಕ್ಕೆ ಹೋಗುತ್ತದೆ? ಎರಡನೆಯದು, ಮೈಕ್ರೋಕಂಟ್ರೋಲರ್ ಚಿಪ್‌ನೊಂದಿಗೆ ಮಾತಾಡಲು ಬಳಸುವ ಎಸ್‌ಪಿಐ ಅಥವಾ ಐ2ಸಿ ಸಂಕೇತದ 'ಹೈ' ಎಷ್ಟು ವೋಲ್ಟಿನದು? ಈ ಎರಡು ಉತ್ತರ ಕಾಗದದ ಮೇಲೆ ಬರೆದಿಟ್ಟುಕೊಂಡು ಮುಂದಿನದನ್ನು ಓದಿ.

ಯಾವ ದಾರಿ ಹಿಡಿದರೂ ಬಿಡಬಾರದ ವೈರಿಂಗ್

ಅಂಗಡಿಯಲ್ಲಿ ಡಿಐಪಿ ರೂಪದಲ್ಲಿ (ಬ್ರೆಡ್‌ಬೋರ್ಡಿಗೆ ಚುಚ್ಚುವ ಉದ್ದ ಕಾಲಿನದು) ಕೇಳಿದರೆ ಸಾಮಾನ್ಯವಾಗಿ ಸಿಗುವುದು ಮೈಕ್ರೋಚಿಪ್ ಕಂಪನಿಯ ಎಂಸಿಪಿ41010. 10 ಕಿಲೋ ಓಮ್, 256 ಮೆಟ್ಟಿಲು, ಎಸ್‌ಪಿಐ. ಎಂಟು ಕಾಲಿನ ಈ ಚಿಪ್‌ನಲ್ಲಿ 1 ಚಿಪ್ ಸೆಲೆಕ್ಟ್, 2 ಕ್ಲಾಕ್, 3 ಡೇಟಾ, 4 ವಿಎಸ್‌ಎಸ್, 5 ಎ, 6 ವೈಪರ್, 7 ಬಿ, 8 ವಿಡಿಡಿ. ಅದರ ನಂತರದ ತಲೆಮಾರಿನ ಎಂಸಿಪಿ4131, ಎಂಸಿಪಿ4151 ಕೂಡ ಇದೇ ಕಾಲುಕ್ರಮದಲ್ಲಿ ಬರುತ್ತವೆ. ಆದರೆ ಕಮಾಂಡ್ ಬೇರೆ: 41010ಕ್ಕೆ ವೈಪರ್ ಬರೆಯಲು ಮೊದಲ ಬೈಟು ಹೆಕ್ಸ್ 11, 4151ಕ್ಕೆ ಹೆಕ್ಸ್ 00. ಕಾಲುಗಳು ಹೊಂದಿದವೆಂದು ಚಿಪ್ ಬದಲಿಸಿ, ಕೋಡ್ ಹಾಗೇ ಬಿಟ್ಟು, ಸಪ್ಲೈ ಸರಿಯಿಲ್ಲವೆಂದು ದಿನವಿಡೀ ಹುಡುಕುವುದು ಬಹಳ ಸಾಮಾನ್ಯ.

4 ಮತ್ತು 8ನೇ ಕಾಲುಗಳ ನಡುವೆ 0.1 ಮೈಕ್ರೋಫ್ಯಾರಡ್ ಸೆರಾಮಿಕ್ ಕೆಪಾಸಿಟರ್ ಇರಲೇಬೇಕು. ಅಂಗಡಿಯಲ್ಲಿ '104' ಎಂದು ಕೇಳಿದರೆ ಕೊಡುತ್ತಾರೆ. ಬ್ರೆಡ್‌ಬೋರ್ಡಿನ ಆ ತುದಿಯಲ್ಲಿ ಹಾಕಿದರೆ ಉಪಯೋಗವಿಲ್ಲ. ಕಾಲುಗಳನ್ನು ಗಿಡ್ಡಗೆ ಕತ್ತರಿಸಿ ಚಿಪ್‌ನ ಮೇಲೆಯೇ ಹಾದುಹೋಗುವಂತೆ ಚುಚ್ಚಿ. ಅದೇ ಸಾಲಿನಲ್ಲಿ ಒಂದು 10 ಮೈಕ್ರೋಫ್ಯಾರಡ್ ಎಲೆಕ್ಟ್ರೋಲಿಟಿಕ್ ಇದ್ದರೆ ಇನ್ನೂ ಒಳ್ಳೆಯದು. ಚಿಪ್ ಸೆಲೆಕ್ಟ್‌ಗೆ 10 ಕಿಲೋ ಓಮ್ ಪುಲ್‌ಅಪ್ (ಕಾಲನ್ನು ಹೈ ಕಡೆಗೆ ಎಳೆದಿಡುವ ರೆಸಿಸ್ಟರ್) ಹಾಕಿ. ಕಂಟ್ರೋಲರ್ ಬೂಟ್ ಆಗುವಷ್ಟು ಹೊತ್ತು ಅದರ ಪಿನ್ನುಗಳು ಗಾಳಿಯಲ್ಲಿ ತೇಲುತ್ತಿರುತ್ತವೆ. ಆ ಹೊತ್ತಿನಲ್ಲಿ ಚಿಪ್ ಸೆಲೆಕ್ಟ್ ಕೆಳಗಿಳಿದರೆ ಕಸವೂ ಕಮಾಂಡ್ ಆಗಿಬಿಡಬಹುದು. ಕಂಟ್ರೋಲರ್ 3.3 ವೋಲ್ಟಿನದಾಗಿದ್ದು ಪಾಟ್ 5 ವೋಲ್ಟಿನದಾಗಿದ್ದರೆ ಪುಲ್‌ಅಪ್ ಅನ್ನು 3.3ಕ್ಕೇ ಕಟ್ಟಿ. ಎರಡು ಪಾಟ್ ಇರುವ ಎಂಸಿಪಿ42010 ತಂದಿದ್ದರೆ ಅದರ ರೀಸೆಟ್, ಶಟ್‌ಡೌನ್ ಕಾಲುಗಳನ್ನು ವಿಡಿಡಿಗೆ ಕಟ್ಟುವುದನ್ನು ಮರೆಯಬೇಡಿ. ತೇಲಲು ಬಿಟ್ಟರೆ ಚಿಪ್ ಮನಸ್ಸಿಗೆ ಬಂದಾಗ ನಿದ್ದೆ ಹೋಗುತ್ತದೆ.

ಉದ್ದನೆಯ ಬ್ರೆಡ್‌ಬೋರ್ಡುಗಳಲ್ಲಿ ಕೆಂಪು ಮತ್ತು ನೀಲಿ ಪವರ್ ಸಾಲು ಎಷ್ಟೋ ಸಲ ನಡುವೆ ತುಂಡಾಗಿರುತ್ತದೆ. ಗೆರೆ ನಡುವೆ ಬಿಟ್ಟಿದ್ದರೆ ಅಲ್ಲಿ ಜಂಪರ್ ಹಾಕಬೇಕು. ಸಪ್ಲೈ ಅಳೆಯುವಾಗ ಸಾಲಿನ ಮೇಲೆ ಅಲ್ಲ, ಚಿಪ್‌ನ 8 ಮತ್ತು 4ನೇ ಕಾಲಿನ ಮೇಲೆಯೇ ಮೀಟರ್ ಮೊನೆ ಇಡಿ.

ಬೋರ್ಡಿನ 5 ವೋಲ್ಟ್ ಪಿನ್

ಆರ್ಡುಯಿನೋ ಉನೋ ಅಥವಾ ನ್ಯಾನೋ ಬಳಸುತ್ತಿದ್ದು, ಸಿಗ್ನಲ್ 0ಯಿಂದ 5 ವೋಲ್ಟಿನೊಳಗೆ ಇದ್ದರೆ ಬೇರೆ ಯೋಚನೆ ಬೇಡ, ಇದನ್ನೇ ಹಿಡಿಯಿರಿ. 16 ಅಕ್ಷರ 2 ಸಾಲಿನ ಎಲ್‌ಸಿಡಿಯ ಕಾಂಟ್ರಾಸ್ಟ್, ಕಂಪ್ಯಾರೇಟರ್‌ನ ಹೊಸ್ತಿಲು ವೋಲ್ಟೇಜ್, ತೇವಾಂಶ ಸೆನ್ಸರ್‌ನ ಟ್ರಿಪ್ ಬಿಂದು, ಇವೆಲ್ಲ ಈ ಗುಂಪಿನವು. ಎಂಸಿಪಿ41010ಕ್ಕೆ 2.7ರಿಂದ 5.5 ವೋಲ್ಟ್ ಆದೀತು. ಎಸ್‌ಪಿಐ ಓಡುವಾಗಲೂ ಅದು ಎಳೆಯುವುದು ಅರ್ಧ ಮಿಲಿಆಂಪ್‌ನ ಆಸುಪಾಸು, ಸುಮ್ಮನಿದ್ದಾಗ 1 ಮೈಕ್ರೋಆಂಪ್‌ನ ಒಳಗೆ. ಎ ಕಾಲು 5 ವೋಲ್ಟಿಗೆ, ಬಿ ಕಾಲು ಗ್ರೌಂಡಿಗೆ ಇದ್ದರೆ ಏಣಿಯಲ್ಲಿ ಇನ್ನೊಂದು ಅರ್ಧ ಮಿಲಿಆಂಪ್. ಬೋರ್ಡಿಗೆ ಇದು ಲೆಕ್ಕಕ್ಕೇ ಇಲ್ಲ.

ತೊಂದರೆ ಕೊಡುವುದು ಕರೆಂಟಿನ ಪ್ರಮಾಣವಲ್ಲ, ಅದೇ 5 ವೋಲ್ಟಿನ ಮೇಲೆ ಕೂತ ಬೇರೆಯವರು. ನೀಲಿ ಬಣ್ಣದ ಸಣ್ಣ 5 ವೋಲ್ಟ್ ರಿಲೇ ಒಂದಕ್ಕೇ ಸುಮಾರು 70 ಮಿಲಿಆಂಪ್ ಬೇಕು. ಎರಡು ರಿಲೇ, ಒಂದು ಸರ್ವೋ ಸೇರಿದರೆ ಯುಎಸ್‌ಬಿಯ 5 ವೋಲ್ಟ್ ಪ್ರತಿ ಸಲ ಕುಗ್ಗಿ ಏಳುತ್ತದೆ. ಎ ಕಾಲು ಆ ಸಾಲಿಗೇ ಕಟ್ಟಿದ್ದರೆ ವೈಪರ್ ವೋಲ್ಟೇಜ್ ಕೂಡ ಜೊತೆಗೆ ಕುಣಿಯುತ್ತದೆ. ರಿಲೇ ಮಾಡ್ಯೂಲಿಗೆ 5 ವೋಲ್ಟ್ ಮತ್ತು ಗ್ರೌಂಡ್ ಎರಡನ್ನೂ ಅಡಾಪ್ಟರ್ ಬುಡದಿಂದಲೇ ಬೇರೆ ತಂತಿಯಲ್ಲಿ ತನ್ನಿ. ಪಾಟ್‌ನ ಗ್ರೌಂಡ್ ತಂತಿಯಲ್ಲಿ ರಿಲೇಯ ಕರೆಂಟ್ ಹರಿಯಬಾರದು.

ಇಲ್ಲಿ ಒಂದು ಮಾತು ಒತ್ತಿ ಹೇಳಬೇಕು. ವೈಪರ್ ಹೋಗುವುದು ಅದೇ ಬೋರ್ಡಿನ ಎಡಿಸಿಗೆ (ವೋಲ್ಟೇಜನ್ನು 0ಯಿಂದ 1023ರ ಅಂಕಿಯಾಗಿ ಓದುವ ಭಾಗ) ಆಗಿದ್ದು, ಎಡಿಸಿಯ ರೆಫರೆನ್ಸ್ ಕೂಡ ಅದೇ 5 ವೋಲ್ಟ್ ಆಗಿದ್ದರೆ, ಕುಣಿಯುವ ಸಪ್ಲೈಯೇ ಒಳ್ಳೆಯದು. 5 ವೋಲ್ಟ್ 4.7ಕ್ಕೆ ಇಳಿದರೂ ವೈಪರ್ 128ರಲ್ಲಿದ್ದರೆ ಓದುವಿಕೆ 512ರ ಆಸುಪಾಸಿನಲ್ಲೇ ನಿಲ್ಲುತ್ತದೆ, ಏಕೆಂದರೆ ಅಳತೆಗೋಲೂ ಅಳೆಯುವ ವಸ್ತುವೂ ಒಟ್ಟಿಗೆ ಕುಗ್ಗಿದವು. ಇಂಥ ಕಡೆ 'ಶುದ್ಧವಾದ' ಪ್ರತ್ಯೇಕ 5 ವೋಲ್ಟ್ ತಂದು ಪಾಟ್‌ಗೆ ಕೊಟ್ಟರೆ ಇಲ್ಲದ ತಪ್ಪನ್ನು ಹುಟ್ಟಿಸಿದ ಹಾಗೆ.

3.3 ವೋಲ್ಟ್ ಸಾಲು

ಇಎಸ್‌ಪಿ32 ಅಥವಾ ರಾಸ್‌ಬೆರಿ ಪೈ ಪೀಕೋ ಇದ್ದವರಿಗೆ ಇದು ಸಹಜ ದಾರಿ. ದೊಡ್ಡ ಲಾಭ ಸುರಕ್ಷತೆ: ಈ ಕಂಟ್ರೋಲರುಗಳ ಪಿನ್ನುಗಳಿಗೆ 5 ವೋಲ್ಟ್ ತಾಕಿಸಬಾರದು. ಪಾಟ್‌ಗೂ ಎ ಕಾಲಿಗೂ 3.3ನ್ನೇ ಕೊಟ್ಟರೆ ಕೋಡ್ ಎಷ್ಟೇ ತಪ್ಪಿದರೂ ವೈಪರ್ 3.3 ದಾಟುವುದಿಲ್ಲ.

ನಷ್ಟ ಎರಡು. ಸಪ್ಲೈ ಇಳಿದಷ್ಟೂ ಒಳಗಿನ ಸ್ವಿಚ್ಚುಗಳ ರೋಧ ಏರುತ್ತದೆ. ಎಂಸಿಪಿ41010ರ ವೈಪರ್ ರೋಧ 5.5 ವೋಲ್ಟಿನಲ್ಲಿ ಸುಮಾರು 52 ಓಮ್ ಇದ್ದದ್ದು 2.7ರಲ್ಲಿ ಸುಮಾರು 73 ಓಮ್ ಆಗುತ್ತದೆ. ವೋಲ್ಟೇಜ್ ಹಂಚುವ ಕೆಲಸಕ್ಕೆ ಇದರಿಂದ ಏನೂ ಆಗದು. ಎರಡೇ ಕಾಲು ಬಳಸಿ ಬರೀ ರೋಧವಾಗಿ ಬಳಸುವವರಿಗೆ ಕೆಳಗಿನ ಮೆಟ್ಟಿಲುಗಳಲ್ಲಿ ವ್ಯತ್ಯಾಸ ಎದ್ದು ಕಾಣುತ್ತದೆ. ಇನ್ನೊಂದು, ಆ ಸಾಲಿನ ಗದ್ದಲ. ಇಎಸ್‌ಪಿ32 ವೈಫೈ ಕಳಿಸುವಾಗ ನೂರಾರು ಮಿಲಿಆಂಪ್ ಒಮ್ಮೆಲೇ ಎಳೆಯುತ್ತದೆ, 3.3 ಸಾಲು ಆಗ ಕುಗ್ಗುತ್ತದೆ. ಪೀಕೋದ 3.3 ಬರುವುದು ಸ್ವಿಚಿಂಗ್ ರೆಗ್ಯುಲೇಟರಿನಿಂದ. ಹಗುರ ಹೊರೆಯಲ್ಲಿ ಅದರ ರಿಪಲ್, ಅಂದರೆ ವೋಲ್ಟೇಜಿನ ಏರಿಳಿತ, ಹೆಚ್ಚು. ಪೀಕೋದಲ್ಲಿ ಜಿಪಿ23 ಪಿನ್ನನ್ನು ಕೋಡಿನಲ್ಲಿ ಹೈ ಮಾಡಿದರೆ ರೆಗ್ಯುಲೇಟರ್ ಪಿಡಬ್ಲ್ಯುಎಂ ವಿಧಾನಕ್ಕೆ ಹೋಗಿ ರಿಪಲ್ ಕಡಿಮೆಯಾಗುತ್ತದೆ. ಒಂದು ಸಾಲಿನ ಕೋಡ್, ಮಾಡಿಬಿಡಿ. ನ್ಯಾನೋ ಬೋರ್ಡಿನ 3.3 ಪಿನ್ ಯುಎಸ್‌ಬಿ ಚಿಪ್‌ನ ಒಳಗಿನ ಸಣ್ಣ ರೆಗ್ಯುಲೇಟರಿನಿಂದ ಬಂದದ್ದು. ಪಾಟ್ ಒಂದಕ್ಕೆ ಸಾಕು, ಅದರ ಮೇಲೆ ಬೇರೆ ಹೊರೆ ಹೇರಬೇಡಿ.

ಎಕ್ಸ್9ಸಿ104 ಅಥವಾ ಎಕ್ಸ್9ಸಿ103 (ಇನ್ನೊಂದು ಬಗೆಯ ಡಿಜಿಟಲ್ ಪಾಟ್) ಮಾಡ್ಯೂಲ್ ತಂದವರಿಗೆ ಈ ದಾರಿ ಮುಚ್ಚಿದೆ. ಅದರ ಸಪ್ಲೈ 5 ವೋಲ್ಟ್, ಹೆಚ್ಚುಕಡಿಮೆ ಶೇಕಡಾ 10. 3.3 ಕೊಟ್ಟಾಗ ಒಂದಿಷ್ಟು ಓಡಿದಂತೆ ಕಂಡರೂ ವೈಪರ್ ಜಾಗವನ್ನು ನೆನಪಿಗೆ ಬರೆಯುವ ಕೆಲಸವನ್ನು ನಂಬುವಂತಿಲ್ಲ.

3.3 ವೋಲ್ಟಿನ ಕಂಟ್ರೋಲರ್, 5 ವೋಲ್ಟಿನ ಪಾಟ್

ಮೈಸೂರಿನ ಪ್ರಾಜೆಕ್ಟ್ ಮೇಜುಗಳಲ್ಲಿ ಅತಿ ಹೆಚ್ಚು ಗೊಂದಲ ಹುಟ್ಟಿಸುವ ಜೋಡಿ ಇದು. ಹೊರಗಿನ ಸರ್ಕ್ಯೂಟಿಗೆ 5 ವೋಲ್ಟ್ ಬೇಕು, ಕೈಯಲ್ಲಿರುವುದು ಇಎಸ್‌ಪಿ32. ಆಗ ಚಿಪ್ ಯಾವುದು ಅನ್ನುವುದೇ ಎಲ್ಲವನ್ನೂ ತೀರ್ಮಾನಿಸುತ್ತದೆ.

ಎಂಸಿಪಿ41010 'ಹೈ' ಎಂದು ಒಪ್ಪಲು ಸಪ್ಲೈಯ ಶೇಕಡಾ 70 ಬೇಕು. 5 ವೋಲ್ಟಿನಲ್ಲಿ ಅದು 3.5. ಇಎಸ್‌ಪಿ32 ಕೊಡುವುದು 3.3. ಮೇಜಿನ ಮೇಲೆ ಇದು ಓಡಿಬಿಡುತ್ತದೆ, ಅದೇ ಅಪಾಯ. ಯುಎಸ್‌ಬಿ 4.7 ವೋಲ್ಟ್ ಕೊಡುತ್ತಿದ್ದರೆ ಮಿತಿ 3.29ಕ್ಕೆ ಇಳಿದು ಹೇಗೋ ನಡೆಯುತ್ತದೆ. ಹೊಲದಲ್ಲಿ ಸರಿಯಾದ 5.1 ವೋಲ್ಟ್ ಅಡಾಪ್ಟರ್ ಹಾಕಿದ ದಿನ ಕೈಕೊಡುತ್ತದೆ. ಒಳ್ಳೆಯ ಅಡಾಪ್ಟರ್ ಹಾಕಿದ ಮೇಲೆ ಕೆಟ್ಟಿತು ಎಂದು ಯಾರಾದರೂ ಹೇಳಿದರೆ ಮೊದಲು ಇಲ್ಲಿ ನೋಡಿ.

ಎಂಸಿಪಿ4131, 4151ಗಳಿಗೆ ಶೇಕಡಾ 45 ಸಾಕು, ಅಂದರೆ 5 ವೋಲ್ಟಿನಲ್ಲಿ 2.25. ಅವುಗಳನ್ನು 5ರಲ್ಲಿ ಓಡಿಸಿ 3.3ರ ಕಂಟ್ರೋಲರಿನಿಂದ ನೇರವಾಗಿ ನಡೆಸಬಹುದು. ಎಚ್ಚರಿಕೆ ಒಂದೇ: ಎಂಟು ಕಾಲಿನ ಚಿಪ್‌ನಲ್ಲಿ 3ನೇ ಕಾಲು ಡೇಟಾ ತೆಗೆದುಕೊಳ್ಳುವುದಕ್ಕೂ ಹಿಂದಿರುಗಿಸುವುದಕ್ಕೂ ಒಂದೇ. ಕಂಟ್ರೋಲರಿನ ಡೇಟಾ ಪಿನ್ನಿಗೂ ಆ ಕಾಲಿಗೂ ನಡುವೆ 1 ಕಿಲೋ ಓಮ್ ಹಾಕಿದರೆ ಚಿಪ್ ಉತ್ತರ ಕೊಡಲು ಬಂದಾಗಲೂ ಪಿನ್ ಉಳಿಯುತ್ತದೆ. ಎಕ್ಸ್9ಸಿ ಚಿಪ್‌ಗಳಿಗೆ 'ಹೈ' 2 ವೋಲ್ಟಿದ್ದರೆ ಸಾಕು, ಅವೂ ಸರಿ.

ಮನೆಯಲ್ಲಿ 41010ವೇ ಇದೆ ಅನ್ನುವವರು ನಡುವೆ 74ಎಚ್‌ಸಿಟಿ125 ಬಫರ್ ಚಿಪ್ ಹಾಕಿ, ಅದಕ್ಕೆ 5 ವೋಲ್ಟ್ ಕೊಡಿ. 'ಎಚ್‌ಸಿಟಿ' ಎಂಬ ಅಕ್ಷರಗಳು ಮುಖ್ಯ. ಬರೀ 'ಎಚ್‌ಸಿ' ತಂದರೆ ಮತ್ತೆ ಅದೇ 3.5ರ ತಕರಾರು. ನಾಲ್ಕು ಸಾಲಿನ ಸಣ್ಣ ಮಾಸ್‌ಫೆಟ್ ಲೆವೆಲ್ ಶಿಫ್ಟರ್ ಬೋರ್ಡುಗಳೂ ನಡೆಯುತ್ತವೆ, ಎಸ್‌ಪಿಐ ವೇಗವನ್ನು ಕೆಲವು ನೂರು ಕಿಲೋಹರ್ಟ್ಜ್‌ಗೆ ಇಳಿಸಿಕೊಳ್ಳಿ. ಪಾಟ್ ತಿರುಗಿಸಲು ಅಷ್ಟು ವೇಗ ಧಾರಾಳವಾಯಿತು.

ಮತ್ತೊಂದು ಸುಲಭ ಉಪಾಯವನ್ನು ಅನೇಕರು ಯೋಚಿಸುವುದೇ ಇಲ್ಲ. ಎ ಕಾಲನ್ನು ವಿಡಿಡಿಗೇ ಕಟ್ಟಬೇಕೆಂಬ ನಿಯಮವಿಲ್ಲ. ವಿಡಿಡಿ 5 ವೋಲ್ಟ್ ಇರಲಿ, ಎ ಕಾಲಿಗೆ 3.3 ಕೊಡಿ, ವೈಪರ್ 3.3ರೊಳಗೇ ಇರುತ್ತದೆ, ಸ್ವಿಚ್ಚುಗಳಿಗೆ 5 ವೋಲ್ಟಿನ ಬಲವೂ ಸಿಗುತ್ತದೆ. ತಿರುವುಮುರುವು ಮಾತ್ರ ಕೂಡದು.

ಕಂಟ್ರೋಲರ್ ಪಿನ್ನಿನಿಂದಲೇ ಸಪ್ಲೈ

ಗದ್ದೆ ಬದುವಿನಲ್ಲಿ ಬ್ಯಾಟರಿಯ ಮೇಲೆ ಓಡುವ ತೇವಾಂಶ ಮಾಪಕಕ್ಕೆ ಇದು ಆಸೆ ಹುಟ್ಟಿಸುವ ದಾರಿ: ಬೇಕಾದಾಗ ಪಿನ್ ಹೈ ಮಾಡಿ ಪಾಟ್‌ಗೆ ಜೀವ ಕೊಡುವುದು, ಕೆಲಸ ಮುಗಿದ ಮೇಲೆ ಆರಿಸುವುದು. ಉನೋದ ಪಿನ್ 20 ಮಿಲಿಆಂಪ್ ನಿರಾಳವಾಗಿ ಕೊಡುತ್ತದೆ. ಪಾಟ್ ಮತ್ತು ಏಣಿ ಸೇರಿ 1 ಮಿಲಿಆಂಪ್. ಪಿನ್ನಿನ ಒಳರೋಧ ಸುಮಾರು 25–30 ಓಮ್, ಆದ್ದರಿಂದ ಕುಸಿತ 30 ಮಿಲಿವೋಲ್ಟ್ ಅಷ್ಟೇ. ಕಾಗದದ ಮೇಲೆ ಎಲ್ಲ ಸರಿ.

ಎಡವುವುದು ಆರಿಸುವಾಗ. ವಿಡಿಡಿ ಸೊನ್ನೆ ಮಾಡಿ ಕ್ಲಾಕ್ ಅಥವಾ ಚಿಪ್ ಸೆಲೆಕ್ಟ್ ಪಿನ್ ಹೈ ಇಟ್ಟರೆ ಆ ಪಿನ್ನಿನಿಂದ ಕರೆಂಟ್ ರಕ್ಷಣಾ ಡಯೋಡ್ ಹತ್ತಿ ವಿಡಿಡಿಗೆ ಹೋಗುತ್ತದೆ. ಮೀಟರ್ ಇಟ್ಟರೆ ಆರಿಸಿದ ಚಿಪ್‌ನ 8ನೇ ಕಾಲಿನಲ್ಲಿ 4 ವೋಲ್ಟಿಗೂ ಹೆಚ್ಚು ತೋರಿಸಬಹುದು. ಚಿಪ್ ಪೂರ್ತಿ ಸತ್ತೂ ಇಲ್ಲ, ಪೂರ್ತಿ ಬದುಕಿಯೂ ಇಲ್ಲ. ಮತ್ತೆ ಹೊತ್ತಿಸಿದಾಗ ಸರಿಯಾಗಿ ರೀಸೆಟ್ ಆಗದೆ ವೈಪರ್ ಎಲ್ಲೋ ಸಿಕ್ಕಿಕೊಳ್ಳುತ್ತದೆ. ಉಳಿಸಬೇಕೆಂದಿದ್ದ ಬ್ಯಾಟರಿಯೂ ಸೋರುತ್ತದೆ. ಹಾಗಾಗಿ ಕ್ರಮ ತಪ್ಪಬಾರದು:

1. ಎಸ್‌ಪಿಐ ನಿಲ್ಲಿಸಿ. ಚಿಪ್ ಸೆಲೆಕ್ಟ್, ಕ್ಲಾಕ್, ಡೇಟಾ ಮೂರನ್ನೂ ಲೋ ಮಾಡಿ, ಆಮೇಲೆ ಸಪ್ಲೈ ಪಿನ್ ಲೋ ಮಾಡಿ.
2. ಹೊತ್ತಿಸುವಾಗ ಮೊದಲು ಸಪ್ಲೈ ಪಿನ್ ಹೈ, ತಕ್ಷಣ ಚಿಪ್ ಸೆಲೆಕ್ಟ್ ಹೈ, 5 ಮಿಲಿಸೆಕೆಂಡ್ ಬಿಡುವು.
3. ಎಸ್‌ಪಿಐ ಶುರು ಮಾಡಿ, ವೈಪರ್ ಬೆಲೆಯನ್ನು ಮತ್ತೆ ಬರೆಯಿರಿ. ಎಂಸಿಪಿ41010ಕ್ಕೆ ನೆನಪಿಲ್ಲ; ಪ್ರತಿ ಸಲ ನಡುಮೆಟ್ಟಿಲು 128ರಲ್ಲೇ ಏಳುತ್ತದೆ.

ಈ ವಿಧಾನದಲ್ಲಿ ಚಿಪ್ ಸೆಲೆಕ್ಟ್ ಪುಲ್‌ಅಪ್ ಅನ್ನು ಬೋರ್ಡಿನ 5 ವೋಲ್ಟಿಗೆ ಕಟ್ಟಬೇಡಿ, ಅದೇ ಸಪ್ಲೈ ಪಿನ್ನಿಗೆ ಕಟ್ಟಿ. 0.1 ಮೈಕ್ರೋಫ್ಯಾರಡ್ ಮಾತ್ರ ಸಾಕು. 100 ಮೈಕ್ರೋಫ್ಯಾರಡ್ ಹಾಕಿದರೆ ಪ್ರತಿ ಸಲ ಖಾಲಿ ಕೆಪಾಸಿಟರ್ ತುಂಬಿಸುವ ಏಟು ಪಿನ್ನಿನ ಮೇಲೆ ಬೀಳುತ್ತದೆ. ಐ2ಸಿ ಪಾಟ್ ಆಗಿದ್ದರೆ ಈ ದಾರಿ ಬೇಡವೇ ಬೇಡ. ಆರಿದ ಚಿಪ್ ಬಸ್ಸಿನ ಎರಡೂ ಗೆರೆಗಳನ್ನು ಕೆಳಗೆ ಎಳೆದರೆ ಅದೇ ಬಸ್ಸಿನಲ್ಲಿರುವ ಗಡಿಯಾರ, ಸೆನ್ಸರ್ ಎಲ್ಲ ಮೌನವಾಗುತ್ತವೆ.

ನಮ್ಮ ಅಭಿಪ್ರಾಯ ಕೇಳಿದರೆ: ಬ್ಯಾಟರಿ ಇಲ್ಲದ ಕಡೆ ಈ ಸಾಹಸ ಮಾಡಬೇಡಿ. ಸುಮ್ಮನಿರುವ 41010 ತಿನ್ನುವುದು ಮೈಕ್ರೋಆಂಪ್, ನಿಜವಾಗಿ ತಿನ್ನುವುದು ಏಣಿ. ಅದನ್ನು ಉಳಿಸಲು ಎ ಕಾಲನ್ನು ಮಾತ್ರ ಪಿನ್ನಿನಿಂದ ಕೊಟ್ಟು, ವಿಡಿಡಿಯನ್ನು ಕಾಯಂ ಸಪ್ಲೈಯಲ್ಲೇ ಬಿಟ್ಟರೆ ಮೇಲಿನ ಯಾವ ಗೋಳೂ ಇಲ್ಲ.

ಪ್ರತ್ಯೇಕ ರೆಗ್ಯುಲೇಟರ್, ಇಲ್ಲವೇ ಒಂದು ರೆಸಿಸ್ಟರ್ ಒಂದು ಕೆಪಾಸಿಟರ್

ಹೊರಗಿನ ಸರ್ಕ್ಯೂಟಿಗೆ ಅಲುಗಾಡದ ವೋಲ್ಟೇಜ್ ಬೇಕಾದಾಗ ಈ ಪ್ರಶ್ನೆ ಬರುತ್ತದೆ. ಪಂಪ್ ಶುರುವಾದಾಗ ಬಲ್ಬು ಮಂಕಾಗುವ ಊರುಗಳಲ್ಲಿ, ಇನ್ವರ್ಟರಿಗೂ ಲೈನಿಗೂ ಸಪ್ಲೈ ಹಾರುವ ಮನೆಗಳಲ್ಲಿ, ಕಡಿಮೆ ಬೆಲೆಯ ಅಡಾಪ್ಟರಿನ 5 ವೋಲ್ಟ್ ಏನೇನು ಮಾಡುತ್ತದೆ ಅನ್ನುವುದನ್ನು ಆಸಿಲೋಸ್ಕೋಪಿನಲ್ಲಿ ಒಮ್ಮೆ ನೋಡಬೇಕು.

ಮೊದಲು ಅಗ್ಗದ ಉಪಾಯ. ಬೋರ್ಡಿನ 5 ವೋಲ್ಟಿನಿಂದ 100 ಓಮ್ ಮೂಲಕ ಪಾಟ್‌ನ ವಿಡಿಡಿಗೆ ಬನ್ನಿ, ಅಲ್ಲಿಂದ ಗ್ರೌಂಡಿಗೆ 100 ಮೈಕ್ರೋಫ್ಯಾರಡ್ ಮತ್ತು ಪಕ್ಕದಲ್ಲೇ 0.1. ಈ ಜೋಡಿಯ ಕಡಿತ ಆವರ್ತನ ಸುಮಾರು 16 ಹರ್ಟ್ಜ್. ಟ್ರಾನ್ಸ್‌ಫಾರ್ಮರ್ ಅಡಾಪ್ಟರಿನಿಂದ ಬರುವ 100 ಹರ್ಟ್ಜ್ ರಿಪಲ್ ಆರರಲ್ಲಿ ಒಂದು ಪಾಲಿಗೆ ಇಳಿಯುತ್ತದೆ, ಡಿಜಿಟಲ್ ಗದ್ದಲ ಅದಕ್ಕಿಂತಲೂ ಎಷ್ಟೋ ಹೆಚ್ಚು ತಗ್ಗುತ್ತದೆ. ಎ ಕಾಲನ್ನೂ ಫಿಲ್ಟರ್ ಆದ ಮೇಲಿನ ಬಿಂದುವಿನಿಂದಲೇ ತೆಗೆದುಕೊಳ್ಳಿ. ಏಣಿಯ ಅರ್ಧ ಮಿಲಿಆಂಪ್‌ಗೆ 50 ಮಿಲಿವೋಲ್ಟ್ ಕುಸಿಯುತ್ತದೆ, ಎಸ್‌ಪಿಐ ಓಡುವ ಕ್ಷಣದಲ್ಲಿ ಇನ್ನಷ್ಟು, ಎಲ್ಲ ಸೇರಿ 100 ಮಿಲಿವೋಲ್ಟ್ ಎಂದಿಟ್ಟುಕೊಳ್ಳಿ. ಇದಕ್ಕಿಂತ ದೊಡ್ಡ ರೆಸಿಸ್ಟರ್ ಹಾಕಿದರೆ ವಿಡಿಡಿ ತೀರ ಕೆಳಗಿಳಿದು ಎಸ್‌ಪಿಐ ಗೆರೆಗಳೇ ಏರಿ ದಾಟುತ್ತವೆ. ಕೆಪಾಸಿಟರ್ ತುಂಬಲು ಸಮಯ ಬೇಕು: 100 ಓಮ್, 100 ಮೈಕ್ರೋಫ್ಯಾರಡ್ ಅಂದರೆ 10 ಮಿಲಿಸೆಕೆಂಡ್, ಅದರ ಐದು ಪಟ್ಟು 50. ಕೋಡಿನ ಶುರುವಿನಲ್ಲಿ ಅಷ್ಟು ಕಾದು ಆಮೇಲೆ ಮೊದಲ ಬೈಟು ಕಳಿಸಿ.

ನಿಜವಾದ ಪ್ರತ್ಯೇಕ ರೆಗ್ಯುಲೇಟರ್ ಬೇಕಾಗುವುದು 9 ಅಥವಾ 12 ವೋಲ್ಟ್ ಅಡಾಪ್ಟರ್ ಇದ್ದಾಗ. 100 ಮಿಲಿಆಂಪ್‌ನ 78ಎಲ್05 ಸಾಕು, ದೊಡ್ಡ 7805 ಬೇಡ. ಒಳಬದಿಗೆ 0.33, ಹೊರಬದಿಗೆ 0.1 ಮೈಕ್ರೋಫ್ಯಾರಡ್. ಅದಕ್ಕೆ ಒಳಗೆ ಕನಿಷ್ಠ 7 ವೋಲ್ಟ್ ಬರುತ್ತಿರಬೇಕು. ಯುಎಸ್‌ಬಿಯ 5ನ್ನೇ 78ಎಲ್05ಗೆ ಕೊಟ್ಟು ಹೊರಗೆ 5 ನಿರೀಕ್ಷಿಸಿದರೆ 3 ಚಿಲ್ಲರೆ ಸಿಗುತ್ತದೆ. 5ರಿಂದ ಶಾಂತವಾದ 3.3 ಬೇಕಿದ್ದರೆ ಎಂಸಿಪಿ1700ರ 3.3 ವೋಲ್ಟ್ ಮಾದರಿ ಚೆನ್ನ, ಆಚೀಚೆ 1 ಮೈಕ್ರೋಫ್ಯಾರಡ್ ಸಾಕು. ಅದರ ಒಳಗೆ 6 ವೋಲ್ಟ್ ಮೀರಿಸಬೇಡಿ. ಎಎಂಎಸ್1117 ಎಲ್ಲ ಕಡೆ ಸಿಗುತ್ತದೆ, ಆದರೆ ಹೊರಬದಿಗೆ 22 ಮೈಕ್ರೋಫ್ಯಾರಡ್ ಟ್ಯಾಂಟಲಮ್ ಬೇಡುವ ಭಾಗ ಅದು, ಬರೀ 0.1 ಹಾಕಿದರೆ ತಾನೇ ತೊನೆದಾಡಬಹುದು.

ಎರಡು ಸಪ್ಲೈ ಬಂದ ಕೂಡಲೇ ಒಂದು ಇದ್ದು ಇನ್ನೊಂದು ಇಲ್ಲದ ಹೊತ್ತೂ ಬರುತ್ತದೆ. ಲ್ಯಾಪ್‌ಟಾಪಿನಿಂದ ಯುಎಸ್‌ಬಿ ಇದೆ, ಅಡಾಪ್ಟರ್ ಕಡೆ ಕರೆಂಟ್ ಹೋಗಿದೆ. ಆಗ ಕಂಟ್ರೋಲರ್ ಜೀವಂತ, ಪಾಟ್ ಸತ್ತಿದೆ, ಎಸ್‌ಪಿಐ ಗೆರೆಗಳಿಂದ ಕರೆಂಟ್ ಒಳನುಗ್ಗುತ್ತದೆ. ಮೂರೂ ಗೆರೆಗೆ 1 ಕಿಲೋ ಓಮ್ ಸರಣಿಯಲ್ಲಿ ಹಾಕಿದರೆ ಅದು ಹಾನಿಯಾಗದ ಮಟ್ಟಕ್ಕೆ ಇಳಿಯುತ್ತದೆ. ಗ್ರೌಂಡ್ ಎರಡೂ ಕಡೆಯದು ಸೇರಿರಲೇಬೇಕು ಅನ್ನುವುದನ್ನು ಹೇಳಬೇಕಾಗಿಲ್ಲ, ಆದರೂ ಹೇಳುತ್ತೇವೆ.

ಸಿಗ್ನಲ್ಲೇ ಗ್ರೌಂಡಿನ ಕೆಳಗೆ ಇಳಿಯುವಾಗ

ಗಣಪತಿ ಪೆಂಡಾಲಿನ ಆಂಪ್ಲಿಫೈಯರಿಗೆ ರಿಮೋಟ್ ವಾಲ್ಯೂಮ್ ಮಾಡಬೇಕು ಎಂದುಕೊಳ್ಳಿ. ಫೋನಿನಿಂದ ಬರುವ ಆಡಿಯೋ ಸೊನ್ನೆಯ ಮೇಲೆಯೂ ಕೆಳಗೂ ಒಂದು ವೋಲ್ಟಿನಷ್ಟು ಆಡುತ್ತದೆ. ವಿಎಸ್‌ಎಸ್ ಗ್ರೌಂಡಿನಲ್ಲಿರುವ 41010ಕ್ಕೆ ಅದನ್ನು ನೇರ ಕೊಟ್ಟರೆ ಕೆಳಗಿನ ಅರ್ಧ ಡಯೋಡಿನಲ್ಲಿ ಚಪ್ಪಟೆಯಾಗುತ್ತದೆ. ಸಣ್ಣ ದನಿಯಲ್ಲಿ ಚೆನ್ನಾಗಿಯೇ ಕೇಳುತ್ತದೆ, ಜೋರು ಮಾಡಿದಾಗ ಕರಕರ. ಸ್ಪೀಕರ್ ಹರಿದಿದೆ ಎಂದು ಬದಲಿಸುವವರೂ ಇದ್ದಾರೆ.

ಇದಕ್ಕೆ ಮೂರು ಪರಿಹಾರ, ಮೊದಲನೆಯದೇ ಹೆಚ್ಚಿನವರಿಗೆ ಸಾಕು. ಸಪ್ಲೈ 5 ವೋಲ್ಟೇ ಇರಲಿ, ಸಿಗ್ನಲ್ಲನ್ನು 2.5ಕ್ಕೆ ಎತ್ತಿ ಕೂರಿಸಿ. 10 ಕಿಲೋ ಓಮಿನ ಎರಡು ರೆಸಿಸ್ಟರುಗಳನ್ನು 5 ವೋಲ್ಟ್ ಮತ್ತು ಗ್ರೌಂಡ್ ನಡುವೆ ಸರಣಿಯಲ್ಲಿ ಕಟ್ಟಿ, ನಡುಬಿಂದುವಿನಿಂದ ಗ್ರೌಂಡಿಗೆ 100 ಮೈಕ್ರೋಫ್ಯಾರಡ್ ಹಾಕಿ, ಆ ನಡುಬಿಂದುವಿಗೆ ಪಾಟ್‌ನ ಬಿ ಕಾಲು ಕಟ್ಟಿ. ಆಡಿಯೋ 1 ಮೈಕ್ರೋಫ್ಯಾರಡ್ ಮೂಲಕ ಎ ಕಾಲಿಗೆ. 10 ಕಿಲೋ ಓಮಿನೊಂದಿಗೆ ಅದರ ಕಡಿತ 16 ಹರ್ಟ್ಜ್, ತಮಟೆಯ ದನಿಗೂ ಕೊರತೆಯಿಲ್ಲ. ವೈಪರ್‌ನಿಂದ ಇನ್ನೊಂದು 1 ಮೈಕ್ರೋಫ್ಯಾರಡ್ ಮೂಲಕ ಆಂಪ್ಲಿಫೈಯರಿಗೆ. ಈ 5 ವೋಲ್ಟ್ ಮೇಲೆ ಹೇಳಿದ 100 ಓಮ್ ಫಿಲ್ಟರಿನ ನಂತರದ್ದೇ ಆಗಿರಲಿ. ಇಲ್ಲದಿದ್ದರೆ ಕಂಟ್ರೋಲರಿನ ಕಿಚಿಕಿಚಿ ನೇರವಾಗಿ ಸ್ಪೀಕರಿನಲ್ಲಿ.

ಎರಡನೆಯದು ಎಕ್ಸ್9ಸಿ. ಅದಕ್ಕೆ ಒಂದೇ 5 ವೋಲ್ಟ್ ಸಪ್ಲೈ ಕೊಟ್ಟರೂ ಕಾಲುಗಳಲ್ಲಿ ಮೈನಸ್ 5ರಿಂದ ಪ್ಲಸ್ 5ರವರೆಗೆ ಸಿಗ್ನಲ್ ಇರಬಹುದು; ಋಣ ವೋಲ್ಟೇಜನ್ನು ಅದು ಒಳಗೇ ಚಾರ್ಜ್ ಪಂಪಿನಿಂದ ಮಾಡಿಕೊಳ್ಳುತ್ತದೆ. ಬೈಯಾಸ್ ಗೊಡವೆಯೇ ಇಲ್ಲ. ಬದಲಿಗೆ ಸಿಗುವುದು 100 ಮೆಟ್ಟಿಲು ಮಾತ್ರ, ಜೊತೆಗೆ ಆ ಪಂಪಿನ ಒಂದಿಷ್ಟು ಗದ್ದಲ. ಮೈಕ್‌ನಂಥ ತೀರ ಸಣ್ಣ ಸಿಗ್ನಲ್ಲಿಗೆ ಇದನ್ನು ಹಾಕಬೇಡಿ.

ಮೂರನೆಯದು ದೊಡ್ಡ ವೋಲ್ಟೇಜಿನ ಚಿಪ್. ಎಂಸಿಪಿ41ಎಚ್‌ವಿ51ಕ್ಕೆ ಎರಡು ಪ್ರತ್ಯೇಕ ಸಪ್ಲೈ: ಡಿಜಿಟಲ್ ಬದಿಗೆ ಕಂಟ್ರೋಲರಿನದೇ 3.3 ಅಥವಾ 5, ಅನಲಾಗ್ ಬದಿಗೆ ತುದಿಯಿಂದ ತುದಿಗೆ 10ರಿಂದ 36 ವೋಲ್ಟ್. ಪ್ಲಸ್ ಮೈನಸ್ 12ರ ಪ್ರೀಆಂಪ್ ಇದ್ದವರಿಗೆ ಇದು ಹೇಳಿ ಮಾಡಿಸಿದ್ದು. ಐಸಿಎಲ್7660 (ಪ್ಲಸ್ ವೋಲ್ಟೇಜಿನಿಂದ ಮೈನಸ್ ಮಾಡುವ ಚಿಪ್) ಬಳಸಿ ಮೈನಸ್ 5 ಮಾಡಿಕೊಂಡು ಇದಕ್ಕೆ ಪ್ಲಸ್ ಮೈನಸ್ 5 ಕೊಡುವ ಯೋಚನೆ ಬೇಡ. 7660ಯ ಹೊರವೋಲ್ಟೇಜ್ ಸ್ವಲ್ಪ ಹೊರೆಗೇ ಕುಸಿಯುತ್ತದೆ, ಒಟ್ಟು 10ರ ಕೆಳಗೆ ಜಾರುತ್ತದೆ. 14 ಕಾಲಿನ ಈ ಚಿಪ್ ಟಿಎಸ್‌ಎಸ್‌ಒಪಿ ರೂಪದ್ದು, ಕಾಲುಗಳ ಅಂತರ 0.65 ಮಿಲಿಮೀಟರ್, ಅಡಾಪ್ಟರ್ ಬೋರ್ಡ್ ಮತ್ತು ಬೆಸುಗೆಯ ಅಭ್ಯಾಸ ಬೇಕು. ಋಣ ವೋಲ್ಟೇಜ್ ಬೇಡ, 12 ವೋಲ್ಟಿನವರೆಗೆ ಹೋದರೆ ಸಾಕು ಅನ್ನುವವರಿಗೆ ಐ2ಸಿಯ ಡಿಎಸ್3502 ಇದೆ: ಲಾಜಿಕ್ 2.5ರಿಂದ 5.5, ಪಾಟ್ ಬದಿಗೆ 15.5 ವೋಲ್ಟಿನವರೆಗೆ, 128 ಮೆಟ್ಟಿಲು.

ಇದೇ ಜಾಗದಲ್ಲಿ ಎಲ್‌ಎಂ317ರ, ಅಂದರೆ ಹೊರವೋಲ್ಟೇಜ್ ಹೊಂದಿಸಬಹುದಾದ ರೆಗ್ಯುಲೇಟರಿನ, ಪ್ರಸ್ತಾಪ ಬರಲೇಬೇಕು. ಹೊಂದಿಸುವ ಸಪ್ಲೈ ಮಾಡಲು ಅದರ ಪಾಟ್ ತೆಗೆದು ಡಿಜಿಟಲ್ ಪಾಟ್ ಹಾಕಿ ಚಿಪ್ ಸುಟ್ಟುಕೊಳ್ಳುವವರು ಬಹಳ. 317ರ ಹೊಂದಾಣಿಕೆ ಕಾಲು ಯಾವಾಗಲೂ ಹೊರವೋಲ್ಟೇಜಿಗಿಂತ 1.25 ಮಾತ್ರ ಕೆಳಗಿರುತ್ತದೆ. ಹೊರಗೆ 12 ಇದ್ದರೆ ಪಾಟ್‌ನ ಮೇಲೆ 10.75. 5 ವೋಲ್ಟ್ ಸಪ್ಲೈಯ ಚಿಪ್ ಇದನ್ನು ತಾಳದು. ಸಾಲದ್ದಕ್ಕೆ, ಸಾಮಾನ್ಯವಾಗಿ ಹಾಕುವ 240 ಓಮಿನಿಂದ 5.2 ಮಿಲಿಆಂಪ್ ಪಾಟ್ ಮೂಲಕವೇ ಹರಿಯುತ್ತದೆ, 41010ರ ವೈಪರ್ ಮಿತಿ 1 ಮಿಲಿಆಂಪ್, 4151ರದು 2.5. ಸಪ್ಲೈ ಹೇಗೆ ಬದಲಿಸಿದರೂ ಈ ಎರಡನೆಯ ತೊಂದರೆ ಹೋಗುವುದಿಲ್ಲ. ಅಲ್ಲಿಗೆ ಡಿಜಿಟಲ್ ಪಾಟ್ ಬೇಡ.

ಕೋಡ್ ಮುಟ್ಟುವ ಮುನ್ನ ಒಂದು ಪರೀಕ್ಷೆ

ಪವರ್ ಇಲ್ಲದ ಡಿಜಿಟಲ್ ಪಾಟ್‌ನ ಕಾಲುಗಳಿಗೆ ಮೀಟರಿನ ಓಮ್ ಮೊನೆ ಇಟ್ಟು ಬಂದ ಅಂಕಿ ನೋಡಿ ಚಿಪ್ ಕೆಟ್ಟಿದೆ ಎಂದು ಎಸೆಯಬೇಡಿ. ಸ್ವಿಚ್ಚುಗಳು ಆಗ ಯಾವ ಸ್ಥಿತಿಯಲ್ಲೂ ಇರಬಹುದು. ಹೀಗೆ ಮಾಡಿ. 41010 ಅಥವಾ 4151ಕ್ಕೆ ಸಪ್ಲೈ ಕೊಡಿ, ಚಿಪ್ ಸೆಲೆಕ್ಟ್ ಪುಲ್‌ಅಪ್ ಇರಲಿ, ಕ್ಲಾಕ್ ಮತ್ತು ಡೇಟಾ ಕಾಲುಗಳನ್ನು ಗ್ರೌಂಡಿಗೆ ಕಟ್ಟಿ, ಕಂಟ್ರೋಲರಿನ ಮೂರೂ ತಂತಿ ತೆಗೆದುಬಿಡಿ. ಎ ಕಾಲು ವಿಡಿಡಿಗೆ, ಬಿ ಕಾಲು ಗ್ರೌಂಡಿಗೆ. ಮೀಟರನ್ನು ಡಿಸಿ ವೋಲ್ಟಿನಲ್ಲಿಟ್ಟು 8 ಮತ್ತು 4ನೇ ಕಾಲಿನ ನಡುವೆ ಅಳೆದು ಬರೆದುಕೊಳ್ಳಿ, ಆಮೇಲೆ 6 ಮತ್ತು 4ರ ನಡುವೆ ಅಳೆಯಿರಿ. ಎರಡನೆಯದು ಮೊದಲಿನದರ ಸರಿಯಾಗಿ ಅರ್ಧ ಬರಬೇಕು: 4.96 ಇದ್ದರೆ 2.48ರ ಹತ್ತಿರ. ಬಂದರೆ ಸಪ್ಲೈ ಸರಿ, ತಪ್ಪಿರುವುದು ಕೋಡಿನಲ್ಲಿ ಅಥವಾ ಎಸ್‌ಪಿಐ ತಂತಿಯಲ್ಲಿ. 6ನೇ ಕಾಲು ಸೊನ್ನೆ ಅಥವಾ ಪೂರ್ತಿ 5 ತೋರಿಸಿದರೆ ಗ್ರೌಂಡ್ ತಂತಿ, ತುಂಡಾದ ಬ್ರೆಡ್‌ಬೋರ್ಡ್ ಸಾಲು, ತಿರುಗಾಮುರುಗಾ ಕೂತ ಚಿಪ್, ಈ ಕ್ರಮದಲ್ಲಿ ನೋಡಿ. ಚಿಪ್ ಬೆರಳಿಗೆ ಬಿಸಿ ತಾಕಿದರೆ ತಕ್ಷಣ ಸಪ್ಲೈ ಕೀಳಿ. ಅರ್ಧ ಮಿಲಿಆಂಪ್ ತಿನ್ನುವ ಚಿಪ್ ಬಿಸಿಯಾಗಲು ಕಾರಣವೇ ಇಲ್ಲ. ಎಕ್ಸ್9ಸಿಗೆ ಈ ಅರ್ಧದ ಲೆಕ್ಕ ಹೊಂದದು, ಅದು ಕೊನೆಯ ಸಲ ನೆನಪಿಗೆ ಬರೆದ ಜಾಗದಲ್ಲೇ ಏಳುತ್ತದೆ. ಅದರ ಕಾಲುಕ್ರಮವೂ ಬೇರೆ: ಸಪ್ಲೈ 8, ಗ್ರೌಂಡ್ 4 ಅಷ್ಟೇ ಒಂದೇ, ವೈಪರ್ ಇರುವುದು 5ನೇ ಕಾಲಿನಲ್ಲಿ, ಚಿಪ್ ಸೆಲೆಕ್ಟ್ 7ರಲ್ಲಿ.